ನವಾರದ ಪಟ್ಟೀಲಿ ರೈಬೋಸ್ವಿಚ್: ಮೂರು ಸಲ ಬಿಚ್ಚಿ ನಾಲ್ಕನೇ ಸಲಕ್ಕೆ ನಡೀತು

ನಂದು ದಾವಣಗೆರೇಲಿ ಹೊಲಿಗೆ ಮಷೀನ್ ರಿಪೇರಿ ಅಂಗಡಿ, ಇಪ್ಪತ್ತೆರಡು ವರ್ಷ ಆಯ್ತು. ಬಯಾಲಜಿನ ಎಸ್ಸೆಸ್ಸೆಲ್ಸಿಲೇ ಕೈ ಬಿಟ್ಟಿದ್ದೆ. ಆದ್ರೆ ಅಣ್ಣನ ಮಗಳು ಎಂಎಸ್ಸಿ ಬಯೋಟೆಕ್ನಾಲಜಿ ಓದ್ತಾಳೆ, ಫೆಬ್ರವರಿ 28ಕ್ಕೆ ವಿಜ್ಞಾನ ದಿನದ ಎಕ್ಸಿಬಿಷನ್ ಇದೆ, "ಚಿಕ್ಕಪ್ಪ, ಥರ್ಮಾಕೋಲ್ ಕೊರೆದು ಬಣ್ಣ ಬಳಿದು ಇಡೋದು ಎಲ್ರೂ ಮಾಡ್ತಾರೆ, ನಂಗೆ ಕೆಲ್ಸ ಮಾಡೋ ಮಾಡೆಲ್ ಬೇಕು, ನಿಮ್ಮ ಕೈಲಿ ಆಗುತ್ತೆ" ಅಂತ ಅಂಗಡಿ ಸ್ಟೂಲ್ ಮೇಲೆ ಬಂದು ಕೂತ್ಲು. ಹೊಗಳಿದ್ರೆ ನಾನು ಬೇಗ ಬೀಳ್ತೀನಿ ಅಂತ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಆರು ವಾರ ಹಿಡೀತು, ಮೂರು ಸಲ ಪೂರ್ತಿ ಬಿಚ್ಚಿದ್ವಿ. ಮಾಡಿದ್ದು ಕೆಡಿಸಿದ್ದು ಎರಡೂ ಬರೀತೀನಿ, ಇನ್ಯಾರಾದ್ರೂ ಮಾಡೋಕೆ ಹೊರಟ್ರೆ ಅದೇ ಗುಂಡಿಗೆ ಬೀಳ್ಬಾರ್ದು ನೋಡಿ.

ಜನವರಿ 18, ಭಾನುವಾರ

ಏನು ಮಾಡ್ಬೇಕು ಅಂತ ತಿಳಿಯೋಕೇ ಒಂದು ದಿನ ಹೋಯ್ತು. ಅವಳು ಹೇಳಿದ್ದು ಇಷ್ಟು. ಮಣ್ಣಲ್ಲಿ ಇರೋ ಬ್ಯಾಸಿಲಸ್ ಸಬ್ಟಿಲಿಸ್ ಅನ್ನೋ ಬ್ಯಾಕ್ಟೀರಿಯಾ, ಒಳಗೆ ಅಡೆನಿನ್ (ಡಿಎನ್‌ಎ, ಆರ್‌ಎನ್‌ಎ ಬರೆಯೋ ಅಕ್ಷರಗಳಲ್ಲಿ ಎ ಅನ್ನೋದು) ಜಾಸ್ತಿ ಆದ್ರೆ ಹೊರಗೆ ತಳ್ಳೋಕೆ ಒಂದು ಪಂಪ್ ಇಟ್ಕೊಂಡಿದೆ, ಆ ಪಂಪಿನ ಜೀನ್ ಹೆಸ್ರು ಪಿಬಿಯುಇ. ಅಡೆನಿನ್ ಇಲ್ದಾಗ ಪಂಪ್ ಕಟ್ಟೋದು ದಂಡ. ಹಂಗಾಗಿ ಆ ಜೀನಿಂದ ಇಳಿದು ಬರೋ ಆರ್‌ಎನ್‌ಎ ದಾರದ ಮುಂದಿನ ತುದೀಲೇ ಒಂದು ಸ್ವಿಚ್ ಇದೆ, ಅದಕ್ಕೇ ರೈಬೋಸ್ವಿಚ್ ಅಂತಾರೆ. ಪಿಯುಸಿ ಪುಸ್ತಕದ, ಹಾಲಿನ ಸಕ್ಕರೆ ಜೀರ್ಣಿಸೋ ಜೀನ್‌ಗಳ ಗುಂಪಾದ ಲ್ಯಾಕ್ ಓಪೆರಾನ್‌ನಲ್ಲಿ ರಿಪ್ರೆಸರ್ ಪ್ರೋಟೀನ್ ಅಂತ ಒಬ್ಬ ಕಾವಲುಗಾರ ಬಂದು ಕೂರ್ತಾನಂತೆ, ಇಲ್ಲಿ ಕಾವಲುಗಾರನೇ ಇಲ್ಲ, ದಾರಾನೇ ಮಡಚಿಕೊಂಡು ಅಡೆನಿನ್‌ನ ನೇರ ಹಿಡ್ಕೊಳ್ಳುತ್ತೆ. ಇಂಥದ್ದು ಇದೆ ಅಂತ ಮೊದ್ಲು ತೋರ್ಸಿದ್ದು 2002ರಲ್ಲಿ, ಯೇಲ್ ಯೂನಿವರ್ಸಿಟಿಯ ರೊನಾಲ್ಡ್ ಬ್ರೇಕರ್ ಗುಂಪು ಅದ್ರಲ್ಲಿತ್ತು, ಅವತ್ತು ಸಿಕ್ಕಿದ್ದು ವಿಟಮಿನ್ ಬಿ12, ಬಿ1 ಹಿಡಿಯೋ ಸ್ವಿಚ್‌ಗಳು. ಅಡೆನಿನ್‌ದು ಬಂದಿದ್ದು 2004ರಲ್ಲಿ.

ದಾರದಲ್ಲಿ ಪಿ-1, ಪಿ-2, ಪಿ-3 ಅಂತ ಮೂರು ಜೋಡಿ ಕಾಲು ಇದಾವೆ, ಮೂರೂ ಸೇರೋ ಮೂಲೇಲಿ ಅಡೆನಿನ್ ಕೂರೋ ಜೇಬು. ಪಿ-1ರ ಬಲಗಾಲು ಮಾತ್ರ ಇಬ್ಬರು ಎಳೆಯೋ ಕಾಲು, ಒಂದ್ ಕಡೆ ಪಿ-1ರ ಎಡಗಾಲು ಬಾ ಅನ್ನುತ್ತೆ, ಇನ್ನೊಂದ್ ಕಡೆ ಮುಂದೆ ಬರೋ ಟರ್ಮಿನೇಟರ್ ತುಂಡು ಬಾ ಅನ್ನುತ್ತೆ. ಟರ್ಮಿನೇಟರ್ ಜೊತೆ ಹೋದ್ರೆ ಅಲ್ಲೊಂದು ಗಟ್ಟಿ ಹೇರ್‌ಪಿನ್ ಆಗಿ ದಾರ ಬರೆಯೋ ಯಂತ್ರ, ಅಂದ್ರೆ ಆರ್‌ಎನ್‌ಎ ಪಾಲಿಮರೇಸ್, ಅಲ್ಲಿಗೇ ಕಳಚಿ ಬೀಳುತ್ತೆ, ಪಂಪ್ ಇಲ್ಲ. ಅಡೆನಿನ್ ಬಂದು ಜೇಬಲ್ಲಿ ಕೂತ್ರೆ ಪಿ-1 ಬಿಗಿಯಾಗಿ ಬಲಗಾಲನ್ನ ಬಿಟ್ಟುಕೊಡಲ್ಲ, ಯಂತ್ರ ಮುಂದೆ ಹೋಗುತ್ತೆ, ಪಂಪ್ ರೆಡಿ.

ನಂಗೆ ತಕ್ಷಣ ಹೊಳೆದಿದ್ದು ಲಾಡಿ. ಆಮೇಲೆ ಲಾಡಿ ಮೆತ್ತಗಾಗುತ್ತೆ ಅಂತ ಮಂಚಕ್ಕೆ ಹಾಕೋ ನವಾರದ ಪಟ್ಟಿ, ಎರಡಿಂಚಿಂದು, ಮಂಡಿಪೇಟೇಲಿ ಮೀಟರಿಗೆ 12 ರೂಪಾಯಿಯಂಗೆ ಆರು ಮೀಟರ್ ತಂದೆ, 72 ರೂಪಾಯಿ.

ಜನವರಿ 25: ಟಿಚ್ ಬಟನ್, ಮೊದಲನೇ ತಪ್ಪು

ಜೋಡಿ ಅಂದ್ರೆ ಟಿಚ್ ಬಟನ್ ಅಲ್ವಾ, ಗಂಡು ಒಂದು ಹೆಣ್ಣು ಒಂದು, ಎಷ್ಟು ಚೆನ್ನಾಗಿ ಹೊಂದುತ್ತೆ ಅಂದ್ಕೊಂಡು ಎರಡು ಸೆಂಟಿಮೀಟರಿಗೊಂದು ಬಟನ್ ಹೊಡೆದೆ. ಅರ್ಧ ದಿನ ಹೊಡೆದ ಮೇಲೆ ಮಗಳು ಬಂದು ಒಂದೇ ಮಾತು ಕೇಳಿದ್ಲು, "ಇದನ್ನ ಯಾರು ಒತ್ತೋದು ಚಿಕ್ಕಪ್ಪ?" ಹೌದಲ್ಲ. ಟಿಚ್ ಬಟನ್ ತಾನಾಗೇ ಹಾಕ್ಕೊಳ್ಳಲ್ಲ, ಹೆಬ್ಬೆಟ್ಟು ಬೇಕು, ಬ್ಯಾಕ್ಟೀರಿಯಾ ಒಳಗೆ ಹೆಬ್ಬೆಟ್ಟು ಎಲ್ಲಿಂದ ತರೋದು. 60 ರೂಪಾಯಿ ಬಟನ್ ಪ್ಯಾಕೆಟ್ ಹೋಯ್ತು, ಪಟ್ಟೀಲಿ ತೂತು ಉಳೀತು.

ತಾನಾಗೇ ಹಿಡ್ಕೊಳ್ಳೋದು ಅಂದ್ರೆ ಅಯಸ್ಕಾಂತ. ಆನ್‌ಲೈನಲ್ಲಿ ಎಂಟು ಮಿಲಿಮೀಟರ್ ಅಗಲ ಎರಡು ಮಿಲಿಮೀಟರ್ ದಪ್ಪದ ನಿಯೋಡಿಮಿಯಮ್ ಬಿಲ್ಲೆ, ಒಂದಕ್ಕೆ 7 ರೂಪಾಯಿಯಂಗೆ 60 ತರಿಸಿದ್ವಿ, 420.

ಜನವರಿ 31, ಫೆಬ್ರವರಿ 1: ಸೂಜಿ ಮುರಿದ ಎರಡು ದಿನ

ಇಪ್ಪತ್ತೆರಡು ವರ್ಷದ ಅನುಭವ ಇದ್ದವನು ಈ ತಪ್ಪು ಮಾಡ್ಬಾರ್ದಿತ್ತು, ಬರೆಯೋಕೇ ನಾಚಿಕೆ. ಪಟ್ಟಿ ಮೇಲೆ ಬಿಲ್ಲೆ ಇಟ್ಟು, ಮೇಲೊಂದು ಬಟ್ಟೆ ತುಂಡು ಮುಚ್ಚಿ ಸುತ್ತಲೂ ಮಷೀನ್ ಹೊಲಿಗೆ ಹಾಕೋಕೆ ಹೋದೆ. ಬಿಲ್ಲೆ ಸೀದಾ ಹೋಗಿ ಕೆಳಗಿನ ಪ್ಲೇಟಿಗೆ ಟಕ್ ಅಂತ ಅಂಟಿಕೊಳ್ತು, ಪಟ್ಟಿ ಮುಂದೆ ಸರೀಲಿಲ್ಲ, ನಾನು ಬಲವಾಗಿ ಎಳೆದೆ, ಸೂಜಿ ವಾಲಿ ಬಿಲ್ಲೆ ಮೇಲೇ ಬಿದ್ದು ಮುರೀತು. ನಾಲ್ಕು ಸೂಜಿ ಹಿಂಗೇ ಹೋದ್ವು, ಒಂದು ಚೂರು ಕನ್ನಡಕಕ್ಕೆ ಬಡೀತು. ಕನ್ನಡಕ ಇಲ್ದೆ ಈ ಕೆಲ್ಸ ಮಾಡ್ಬೇಡಿ. ಆಮೇಲೆ ತಿಳಿದಿದ್ದು, ಮೊದ್ಲು ಖಾಲಿ ಜೇಬು ಮೂರು ಕಡೆ ಮಷೀನಲ್ಲಿ ಹೊಲ್ಕೊಂಡು, ಪಟ್ಟೀನ ಮಷೀನಿಂದ ದೂರ ತಗೊಂಡು ಹೋಗಿ ಬಿಲ್ಲೆ ತುರುಕಿ ಬಾಯಿಗೆ ಕೈಹೊಲಿಗೆ ಹಾಕ್ಬೇಕು. ಕಬ್ಬಿಣದ ಟೇಬಲ್ ಮೇಲೂ ಬೇಡ, ಚಾಪೆ ಮೇಲೆ ಕೂತು ಹೊಲೀರಿ.

ಬಿಲ್ಲೆಗೆ ಎರಡು ಮುಖ. ಒಂದು ಮುಖಕ್ಕೆ ಮನೆಯವಳ ಕೆಂಪು ನೈಲ್ ಪಾಲಿಶ್ ಹಚ್ಚಿ ಗುರುತು ಮಾಡ್ದೆ. ಪಿ-1ರ ಎಡಗಾಲಿಗೆ ಕೆಂಪು ಹೊರಗೆ, ಬಲಗಾಲಿಗೆ ಕೆಂಪು ಒಳಗೆ, ಮುಂದಿನ ಟರ್ಮಿನೇಟರ್ ತುಂಡಿಗೆ ಮತ್ತೆ ಕೆಂಪು ಹೊರಗೆ. ಹಿಂಗಾದ್ರೆ ಬಲಗಾಲು ಎರಡರ ಜೊತೆಗೂ ಕೂಡುತ್ತೆ, ಎಡಗಾಲೂ ಟರ್ಮಿನೇಟರ್ರೂ ಒಂದನ್ನೊಂದು ತಳ್ಳುತ್ತೆ. ಪಿ-1ಕ್ಕೆ ನಾಲ್ಕು ಜೋಡಿ, ಟರ್ಮಿನೇಟರ್‌ಗೆ ಏಳು ಜೋಡಿ, ಅದ್ರಲ್ಲಿ ನಾಲ್ಕು ಪಿ-1ರ ಬಲಗಾಲಿಂದೇ. ನಿಜವಾದ ಆರ್‌ಎನ್‌ಎ ಲೆಕ್ಕ ಬೇರೆ, ಅಡೆನಿನ್ ಹಿಡಿಯೋ ಭಾಗ ಒಂದೇ ಸುಮಾರು ಎಪ್ಪತ್ತು ಅಕ್ಷರ ಇದೆಯಂತೆ, ನಾವು ಕಡಿಮೆ ಮಾಡಿದೀವಿ.

ಜೋಡಿಸಿ ಟೇಬಲ್ ಮೇಲೆ ಬಿಟ್ವಿ. ಪಟ್ಟಿ ಪೂರ್ತಿ ಮುದ್ದೆ ಆಗೋಯ್ತು. ಪಿ-2 ಹೋಗಿ ಟರ್ಮಿನೇಟರ್ ಜೊತೆ, ಪಿ-3 ಹೋಗಿ ಪಿ-1 ಜೊತೆ, ಎಲ್ಲಿ ಕಂಡ್ರೆ ಅಲ್ಲಿ. ಬಿಲ್ಲೆ ಜೋರು ಜಾಸ್ತಿ. "ನಿಜವಾದ ಆರ್‌ಎನ್‌ಎನೂ ಹಿಂಗೆ ತಪ್ಪು ಮಡಚಿಕೊಂಡು ಸಿಕ್ಕಾಕೊಳ್ಳುತ್ತೆ" ಅಂತ ಮಗಳು ಖುಷಿಯಾಗಿ ಫೋಟೋ ತಗೊಂಡ್ಲು, ನಂಗೆ ಮೈ ಉರೀತು.

ಫೆಬ್ರವರಿ 4: ಜೋರು ಇಳಿಸಿದ್ದು

ಪೂರ್ತಿ ಬಿಚ್ಚಿದ್ದು, ಒಂದನೇ ಸಲ. ಪಿ-2, ಪಿ-3 ಯಾವಾಗ್ಲೂ ಮಡಚಿಕೊಂಡೇ ಇರೋ ಕಾಲುಗಳಂತೆ, ಅವಕ್ಕೆ ಬಿಲ್ಲೆ ಯಾಕೆ, ದಾರದಲ್ಲೇ ಹೊಲಿದುಬಿಟ್ಟೆ. ಪಿ-1ರ ಜೇಬಿನ ಮೇಲೆ ಎರಡು ಪದರ ಫೆಲ್ಟ್ ಬಟ್ಟೆ ಕೊಟ್ಟೆ, ಟರ್ಮಿನೇಟರ್‌ಗೆ ಒಂದೇ ಪದರ. ಫೆಲ್ಟ್ 40 ರೂಪಾಯಿ. ಈಗ ಬೆರಳಲ್ಲಿ ಎಳೆದ್ರೆ ಪಿ-1 ಸುಲಭಕ್ಕೆ ಬಿಡುತ್ತೆ, ಟರ್ಮಿನೇಟರ್ ಬಿಡೋಕೆ ಒಂಚೂರು ಶಕ್ತಿ ಬೇಕು.

ಒಂದು ತಮಾಷೆ ಆಯ್ತು. ಎಷ್ಟು ಜೋಡಿಸಿದ್ರೂ ಪಿ-1ರ ಎರಡನೇ ಜೋಡಿ ಬಾಯಿ ತೆಕ್ಕೊಂಡೇ ಇತ್ತು, ಟರ್ಮಿನೇಟರಲ್ಲೂ ಅದೇ ಜಾಗದಲ್ಲಿ ಉಬ್ಬು. ಬಲಗಾಲಿನ ಒಂದು ಬಿಲ್ಲೆ ಉಲ್ಟಾ ಹಾಕಿದ್ದೆ ನಾನು. ಒಂದು ತಪ್ಪು, ಎರಡೂ ಕಡೆ ಹಾಳು. ಬಿಚ್ಚೋಕೆ ಬೇಜಾರಾಗಿ ಎಡಗಾಲಿನ ಎದುರು ಬಿಲ್ಲೇನೇ ತಿರುಗಿಸಿದೆ, ಪಿ-1 ಸರಿ ಆಯ್ತು, ಟರ್ಮಿನೇಟರ್ ಮಾತ್ರ ಹಂಗೇ ಉಳೀತು, ಅಲ್ಲೂ ತಿರುಗಿಸಿದ ಮೇಲೆ ಅದೂ ಕೂತ್ಕೊಳ್ತು. ಲ್ಯಾಬಲ್ಲೂ ಯಾವ ಅಕ್ಷರ ಯಾವುದರ ಜೊತೆ ಕೂಡುತ್ತೆ ಅಂತ ಖಾತ್ರಿ ಮಾಡ್ಕೊಳ್ಳೋಕೆ ಇದನ್ನೇ ಮಾಡ್ತಾರಂತೆ, ಒಂದನ್ನ ಕೆಡಿಸೋದು, ಎದುರಿಂದನ್ನ ಬದಲಿಸಿ ಸರಿ ಹೋಯ್ತಾ ನೋಡೋದು. ನಾನು ಸೋಮಾರಿತನಕ್ಕೆ ಮಾಡ್ದೆ ಅಷ್ಟೆ.

ಫೆಬ್ರವರಿ 7: ಅಡೆನಿನ್ ಕೀ

ಬೋರ್ಡ್ ಮಾಡೋ ಅಂಗಡೀಲಿ ಐದು ಮಿಲಿಮೀಟರ್ ಅಕ್ರಿಲಿಕ್‌ನಲ್ಲಿ ಎರಡು ತುಂಡು ಕೊರೆಸಿದ್ವಿ, ಆರು ಮೂಲೆದೊಂದು ಐದು ಮೂಲೆದೊಂದು ಅಂಟಿದ ಆಕಾರ. ಹಳದಿ ಅಡೆನಿನ್, ನೀಲಿ ಗ್ವಾನಿನ್ (ಅಂದ್ರೆ ಜಿ ಅನ್ನೋ ಅಕ್ಷರ), 150 ರೂಪಾಯಿ. ದೂರದಿಂದ ನೋಡಿದ್ರೆ ಎರಡೂ ಒಂದೇ. ಸ್ವಿಚ್ ಹೆಂಗೆ ಗುರುತು ಹಿಡಿಯುತ್ತೆ ಅಂದ್ರೆ ಜೇಬಲ್ಲಿ 74ನೇ ನಂಬರಿನ ಅಕ್ಷರ ಇದೆಯಂತೆ, ಅದು ಯು ಆಗಿದ್ರೆ ಅಡೆನಿನ್ ಕೂರುತ್ತೆ, ಸಿ ಆಗಿದ್ರೆ ಗ್ವಾನಿನ್. ಆ ಒಂದೇ ಅಕ್ಷರ ಬದಲಾಯಿಸಿದ್ರೆ ಸ್ವಿಚ್ಚಿನ ರುಚೀನೇ ಬದಲಾಗುತ್ತೆ. ಹಂಗಾಗಿ ಆ ಜಾಗದ ಬಿಲ್ಲೇನ ವೆಲ್ಕ್ರೋ ತುಂಡಿನ ಮೇಲೆ ಕೂರ್ಸಿದೆ, ಕಿತ್ತು ತಿರುಗಿಸಿ ಹಚ್ಚಬಹುದು. ಹಳದಿ ಕೀಲಿರೋ ಬಿಲ್ಲೆಗೆ ಒಂದು ಮುಖ, ನೀಲಿ ಕೀಲಿರೋದಕ್ಕೆ ಉಲ್ಟಾ ಮುಖ. ಈ ಭಾಗ ಮೊದಲನೇ ಸಲಕ್ಕೇ ಕೆಲ್ಸ ಮಾಡ್ತು, ನೀಲಿ ಇಟ್ರೆ ಒದ್ದು ಆಚೆ ತಳ್ಳುತ್ತೆ. ಇಡೀ ಮಾಡೆಲ್‌ನಲ್ಲಿ ನಂಗೆ ಇಷ್ಟ ಆಗಿದ್ದು ಇದೇ.

ಟೀ ಕುಡೀತಾ ಇನ್ನೊಂದು ಹೇಳಿದ್ಲು. ಥಿಯೋಫಿಲಿನ್ ಅಂತ ಉಬ್ಬಸದ ಔಷಧಿ ಇದೆಯಲ್ಲ, ಅದಕ್ಕೂ ಕೆಫೀನ್‌ಗೂ ಒಂದು ಮೀಥೈಲ್ ಗುಂಪು ಅಷ್ಟೇ ವ್ಯತ್ಯಾಸ. ಥಿಯೋಫಿಲಿನ್ ಹಿಡಿಯೋ ಆರ್‌ಎನ್‌ಎನ 1994ರಲ್ಲಿ ಲ್ಯಾಬಲ್ಲೇ ಆರಿಸಿ ತೆಗೆದ್ರು, ಅದು ಕೆಫೀನ್‌ಗಿಂತ ಥಿಯೋಫಿಲಿನ್‌ನ ಸುಮಾರು 10,000 ಪಟ್ಟು ಬಿಗಿಯಾಗಿ ಹಿಡಿಯುತ್ತೆ. ನಮ್ಮ ಗಿರಾಕಿಗಳು 14 ನಂಬರ್ ಸೂಜಿ 16 ನಂಬರ್ ಸೂಜಿ ಒಂದೇ ಅಂತ ವಾದ ಮಾಡ್ತಾರೆ.

ಫೆಬ್ರವರಿ 8: ದೊಡ್ಡ ತಪ್ಪು

ಎಲ್ಲಾ ರೆಡಿ ಅಂತ ಪೂರ್ತಿ ಪಟ್ಟೀನ ಸನ್‌ಮೈಕಾ ಶೀಟ್ ಮೇಲೆ ಅಂಚಲ್ಲಿ ನಿಲ್ಲಿಸಿ ಹರಡಿದ್ವಿ, ಜಾರ್ಲಿ ಅಂತ ಕೇರಂ ಪೌಡರ್ ಉದುರಿಸಿ. ಅಡೆನಿನ್ ಇಲ್ದೆ: ಟರ್ಮಿನೇಟರ್ ಆಯ್ತು, ಸರಿ. ಅಡೆನಿನ್ ಇಟ್ಟು: ಆಗ್ಲೂ ಟರ್ಮಿನೇಟರ್! ಹದಿನೈದು ಸಲ ಮಾಡಿದ್ವಿ, ಹದಿಮೂರು ಸಲ ಟರ್ಮಿನೇಟರೇ. ಪಟ್ಟಿ ಅಲುಗಾಡಿಸಿದ ಕೂಡ್ಲೇ ಏಳು ಜೋಡಿ ಪಟಪಟ ಅಂತ ಹಿಡ್ಕೊಂಡುಬಿಡುತ್ತೆ, ಆಮೇಲೆ ಕೀ ತಗೊಂಡು ಹೋದ್ರೆ ಕೂರೋಕೆ ಜೇಬೇ ಇಲ್ಲ.

ನಾನು ಟರ್ಮಿನೇಟರ್‌ಗೂ ಎರಡು ಪದರ ಫೆಲ್ಟ್ ಹಾಕಿ ಜೋರು ಇಳಿಸಿದೆ, ಅದು ಎರಡನೇ ಸಲ ಬಿಚ್ಚಿದ್ದು. ಆಗ ಅಡೆನಿನ್ ಇಲ್ದಿದ್ರೂ ಟರ್ಮಿನೇಟರ್ ಆಗ್ಲಿಲ್ಲ. ಸ್ವಿಚ್ ಆ ಕಡೆ ಕೆಟ್ಟಿತ್ತು, ಈಗ ಈ ಕಡೆ ಕೆಡ್ತು. ಮತ್ತೆ ಒಂದು ಪದರ ತೆಗೆದು ಮೊದಲಿನ ಹಂಗೇ ಮಾಡ್ದೆ. ಮೂರು ದಿನ ಇದೇ ಆಟ. ಈ ಮೂರು ದಿನ ಗಿರಾಕಿ ಕೆಲ್ಸ ಎಲ್ಲಾ ನಿಂತಿತ್ತು, ಮನೇಲಿ ಬೈಸಿಕೊಂಡೆ.

ಫೆಬ್ರವರಿ 11

ಮಗಳು ಅವರ ಮೇಡಂ ಹತ್ರ ಕೇಳ್ಕೊಂಡು ಬಂದ್ಲು. ಮೇಡಂ ಹೇಳಿದ್ದು, "ನೀವು ಪೂರ್ತಿ ಬರೆದಾದ ಮೇಲೆ ಅಡೆನಿನ್ ಕೊಡ್ತಿದೀರಿ, ಈ ಸ್ವಿಚ್‌ನಲ್ಲಿ ಅದು ತಡ ಆಯ್ತು." ಆರ್‌ಎನ್‌ಎ ಒಂದೇ ಸಲಕ್ಕೆ ಪೂರ್ತಿ ಇರಲ್ಲ, ಪಾಲಿಮರೇಸ್ ಬಾಯಿಂದ ಅಕ್ಷರ ಅಕ್ಷರವಾಗಿ ಹೊರಗೆ ಬರುತ್ತೆ, ಸೆಕೆಂಡಿಗೆ ಕೆಲವು ಹತ್ತು ಅಕ್ಷರದಂಗೆ. ಪಿ-1, ಪಿ-2, ಪಿ-3 ಮೊದ್ಲು ಬರುತ್ತೆ, ಟರ್ಮಿನೇಟರ್ ತುಂಡು ಇನ್ನೂ ಒಳಗೇ ಇರುತ್ತೆ. ಅಡೆನಿನ್ ಬಂದು ಕೂರ್ಬೇಕಾದ್ದು ಆ ಸ್ವಲ್ಪ ಹೊತ್ತಲ್ಲೇ. ಲ್ಯಾಬಲ್ಲೂ ಪೂರ್ತಿ ಉದ್ದದ ಪಿಬಿಯುಇ ಆರ್‌ಎನ್‌ಎಗೆ ಆಮೇಲೆ ಅಡೆನಿನ್ ಕೊಟ್ರೆ ಅದು ಹಿಡಿಯಲ್ಲ, ಟರ್ಮಿನೇಟರ್ ಆಗ್ಲೇ ಕಾಲು ಕಿತ್ಕೊಂಡಿರುತ್ತೆ. ಅಂದ್ರೆ ನಮ್ಮ ಪಟ್ಟಿ ಮೂರು ದಿನ ಸರಿಯಾಗೇ ನಡ್ಕೊಂಡಿತ್ತು, ತಪ್ಪು ನಮ್ದು.

ಅಶೋಕ ರಸ್ತೆ ರೈಲ್ವೆ ಗೇಟ್ ಹತ್ರ ಕಾದವರಿಗೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ. ಗೇಟ್ ಬೀಳೋದ್ರೊಳಗೆ ದಾಟಿದ್ರೆ ದಾಟ್ದಂಗೆ, ಬಿದ್ಮೇಲೆ ಗಾಡಿ ಎಷ್ಟು ಹೊಸದಾದ್ರೂ ನಿಲ್ಲಲೇಬೇಕು.

ಫೆಬ್ರವರಿ 12ರಿಂದ 16: ಪಾಲಿಮರೇಸ್ ಡಬ್ಬ

ಹಳೇ ಪ್ಲೈವುಡ್‌ನಲ್ಲಿ ಡಬ್ಬ, ಮುಂದೆ ನಿಂತ ಸೀಳು ಆರು ಸೆಂಟಿಮೀಟರ್ ಎತ್ತರ, ಪಟ್ಟಿ ಅಂಚಲ್ಲಿ ನಿಂತೇ ಹೊರಗೆ ಬರೋ ಹಂಗೆ. ಒಳಗೆ ಎರಡು ರೋಲರ್, ಮೇಲೆ ಸ್ಪಂಜ್ ಸುತ್ತಿದ್ದು, ಬಿಲ್ಲೆ ದಪ್ಪ ಹಾಯೋಕೆ. ಮೋಟರು ರಿಪೇರಿಗೆ ಬಂದಿದ್ದ ಒಂದು ಮಷೀನಿಂದು, ಗಿರಾಕಿಗೆ ಕೇಳೇ ತಗೊಂಡಿದ್ದು. ಅದು ಸಿಕ್ಕಾಪಟ್ಟೆ ಸ್ಪೀಡು, ಗುಜರಿಯಿಂದ 80 ರೂಪಾಯಿಗೆ ದೊಡ್ಡ ಪುಲ್ಲಿ ತಂದು ಎರಡು ಹಂತದಲ್ಲಿ ಇಳಿಸಿದೆ.

ನಿಲ್ಲಿಸೋಕೆ ಮೈಕ್ರೋ ಸ್ವಿಚ್. ಸೀಳಿನ ಪಕ್ಕ ಹನ್ನೆರಡು ಸೆಂಟಿಮೀಟರ್ ದೂರಕ್ಕೆ ಅದರ ಲಿವರ್. ಏಳು ಜೋಡಿ ಟರ್ಮಿನೇಟರ್ ಹದಿನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಕಡ್ಡಿಯಂಗೆ ಪಕ್ಕಕ್ಕೆ ಚಾಚುತ್ತೆ, ಲಿವರ್ ಒತ್ತುತ್ತೆ, ಮೋಟರ್ ಆಫ್. ಹೇರ್‌ಪಿನ್ ಆಗದಿದ್ರೆ ಪಟ್ಟಿ ಹಂಗೇ ಮುಂದೆ ಹೋಗಿ ಕೊನೇಲಿ ಪಂಪ್ ಅಂತ ಬರೆದ ಕೆಂಪು ಬಟ್ಟೆ ಹೊರಗೆ ಬರುತ್ತೆ. ಮೊದ್ಲು ರೀಡ್ ಸ್ವಿಚ್ ಹಾಕೋಣ ಅಂತ ಹಾಕಿದ್ದೆ, ಪಕ್ಕ ಹಾಯೋ ಪ್ರತಿ ಬಿಲ್ಲೆಗೂ ಮೋಟರ್ ನಿಂತು ಶುರುವಾಗಿ ನಿಂತು, ಬಿಕ್ಕಳಿಕೆ ಬಂದಂಗೆ. ತೆಗೆದು ಬಿಸಾಕಿದೆ. ಮೈಕ್ರೋ ಸ್ವಿಚ್ ಎರಡು, 50 ರೂಪಾಯಿ.

ಇಲ್ಲೊಂದು ಮೋಸ ಮಾಡಿದೀವಿ, ಒಪ್ಕೊಂಡುಬಿಡ್ತೀನಿ. ಹೊಲಿದ ಪಿ-2, ಪಿ-3 ಸೀಳಿನಲ್ಲಿ ತೂರಲ್ಲ. ಹಂಗಾಗಿ ಅವೆರಡೂ ಆಗ್ಲೇ ಹೊರಗೆ ಬಂದಿರೋ ಹಂಗೆ ಶುರು ಮಾಡ್ತೀವಿ, ಪಿ-1ರ ಬಲಗಾಲಿಂದ ಮುಂದಿಂದಷ್ಟೇ ಯಂತ್ರದಿಂದ ಬರುತ್ತೆ. ಎಕ್ಸಿಬಿಷನ್‌ನಲ್ಲಿ ಇದನ್ನ ಒಬ್ಬ ಎಂಟನೇ ಕ್ಲಾಸ್ ಹುಡುಗ ಮಾತ್ರ ಕಂಡುಹಿಡಿದ.

ಮೂರನೇ ಸಲ ಬಿಚ್ಚಿದ್ದು ಶಿವರಾತ್ರಿ ದಿನ. ಡಬ್ಬದೊಳಗೆ ಸುರುಳಿ ಸುತ್ತಿಟ್ಟ ಪಟ್ಟೀಲಿ ಬಿಲ್ಲೆ ಬಿಲ್ಲೆ ಅಂಟಿಕೊಂಡು ಸುರುಳಿ ಬಿಚ್ಚಲೇ ಇಲ್ಲ, ರೋಲರ್ ಎಳೆದೂ ಎಳೆದೂ ಸ್ಪಂಜ್ ಹರೀತು, ಬೆಲ್ಟ್ ಸುಟ್ಟ ವಾಸನೆ. ಎಲ್ರೂ ಜಾಗರಣೆಗೆ ಭಜನೆ ಮಾಡ್ತಿದ್ರೆ ನಾನು ಚಿಕ್ಕಪ್ಪನ ಪಟ್ಟ ಕಟ್ಕೊಂಡು ಅಂಗಡೀಲಿ ಹೊಸ ಸ್ಪಂಜ್ ಸುತ್ತುತಾ ಇದ್ದೆ. ಉಪಾಯ ಸರಳ, ಟಿವಿ ಡಬ್ಬದಲ್ಲಿ ಬರೋ ಬಿಳಿ ಫೋಮ್ ಶೀಟ್‌ನ ಎರಡಿಂಚು ಅಗಲಕ್ಕೆ ಕತ್ತರಿಸಿ ಪಟ್ಟಿ ಜೊತೆಗೇ ಸುತ್ತೋದು. ಅಲ್ಲಿಗೆ ಸಲೀಸಾಗಿ ಬಿಚ್ಕೊಂಡು ಬಂತು.

ಫೆಬ್ರವರಿ 17ರಿಂದ 22: ಟ್ಯೂನಿಂಗ್

ಮೊದಲನೇ ಓಟ, ಅಡೆನಿನ್ ಇಲ್ದೆ. ಪಿ-1 ಟಪ್ ಅಂತ ಕೂಡ್ತು. ಪಟ್ಟಿ ಮುಂದೆ ಬಂತು, ಟರ್ಮಿನೇಟರ್‌ನ ಮೊದಲ ಮೂರು ಜೋಡಿ ಬಾಗಿ ಹಿಡ್ಕೊಂಡ್ವು, ಆಮೇಲೆ ಜಿಪ್ ಎಳೆದಂಗೆ ಒಂದೊಂದಾಗಿ ಪಿ-1ರ ಬಲಗಾಲನ್ನ ಕಿತ್ಕೊಂಡು ಹೋಯ್ತು. ಟಕ್, ಟಕ್, ಟಕ್, ಟಕ್. ಲಿವರ್ ಒತ್ತಿ ಮೋಟರ್ ನಿಂತ್ಕೊಳ್ತು. ನಾವಿಬ್ರೂ ಮಾತಾಡ್ಲಿಲ್ಲ, ಇನ್ನೊಂದ್ ಸಲ ಓಡಿಸಿದ್ವಿ.

ಅಡೆನಿನ್ ಇಟ್ಟು ಓಡಿಸಿದಾಗ ಕೀ ಬಿದ್ದೋಯ್ತು. 74ರ ಒಂದೇ ಬಿಲ್ಲೆ ಹಿಡಿದಿದ್ದು ಸಾಕಾಗ್ಲಿಲ್ಲ. ನಿಜವಾದ ಜೇಬು ಒಂದೇ ಕಡೆಯಿಂದ ಹಿಡಿಯಲ್ಲ, ಸುತ್ತಲೂ ತಬ್ಬಿ ಅಡೆನಿನ್‌ನ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಬಿಡುತ್ತೆ. ಸರಿ, ಇನ್ನೂ ಇಪ್ಪತ್ತು ಬಿಲ್ಲೆ ತರಿಸಿ, 140 ರೂಪಾಯಿ, ಜೇಬಿನ ಬೇರೆ ಎರಡು ಕಡೇನೂ ಒಂದೊಂದು ಹಾಕಿದೆ. ಆದ್ರೂ ಪಿ-2, ಪಿ-3 ಆ ಕಡೆ ಈ ಕಡೆ ತೂರಾಡ್ತಾ ಜೇಬು ಬಾಯಿ ಬಿಡ್ತಿತ್ತು. ಅವೆರಡರ ತುದಿ ಕುಣಿಕೆಗಳು ನಿಜದಲ್ಲೂ ಒಂದಕ್ಕೊಂದು ಕೂಡಿಕೊಂಡಿರುತ್ವಂತೆ, ನಾನು ಅದನ್ನ ಅಲಂಕಾರ ಅಂದ್ಕೊಂಡು ಬಿಟ್ಟಿದ್ದೆ. 30 ರೂಪಾಯಿ ವೆಲ್ಕ್ರೋದಲ್ಲಿ ಮಿಕ್ಕಿದ್ದನ್ನ ಎರಡು ತುದಿಗೂ ಹಚ್ಚಿದೆ, ಕಾಲುಗಳು ಪಕ್ಕಪಕ್ಕ ನೆಟ್ಟಗೆ ನಿಂತ್ವು, ಜೇಬು ಅಲ್ಲಾಡ್ಲಿಲ್ಲ.

ಈಗ ಅಡೆನಿನ್ ಇಟ್ರೆ ಟರ್ಮಿನೇಟರ್ ಬಂದು ಕೆಳಗಿನ ಒಂದು ಜೋಡಿ ಮಾತ್ರ ಕಿತ್ಕೊಳ್ಳುತ್ತೆ, ಮೇಲೆ ಏರೋಕೆ ಆಗಲ್ಲ. ನಾಲ್ಕು ಜೋಡಿ ಅಂದ್ರೆ ಎಂಟು ಸೆಂಟಿಮೀಟರ್, ಲಿವರ್‌ಗೆ ಮುಟ್ಟಲ್ಲ, ಕೆಂಪು ಬಟ್ಟೆ ಹೊರಗೆ. ನೀಲಿ ಕೀ ಇಟ್ರೆ ಕೂರಲ್ಲ, ನಿಲ್ಲುತ್ತೆ. 74 ತಿರುಗಿಸಿದ್ರೆ ನೀಲಿ ನಡೆಯುತ್ತೆ ಹಳದಿ ನಡೆಯಲ್ಲ.

ಸ್ಪೀಡು ಸೆಕೆಂಡಿಗೆ ಎರಡು ಸೆಂಟಿಮೀಟರ್, ಅಂದ್ರೆ ಒಂದು ಅಕ್ಷರ. ಪೆಡಲ್ ಜೋರು ಒತ್ತಿದ್ರೆ ಕೀ ಇಡೋದ್ರೊಳಗೆ ಟರ್ಮಿನೇಟರ್ ಬಂದುಬಿಡುತ್ತೆ, ಅಡೆನಿನ್ ಕೈಲಿದ್ರೂ ಆಫ್. ಇದನ್ನ ಸರಿ ಮಾಡೋಕೆ ಹೋಗ್ಬೇಡಿ ಅಂತ ಮಗಳು ತಡೆದ್ಲು, ಜನಕ್ಕೆ ತೋರ್ಸೋದೇ ಇದನ್ನ ಅಂದ್ಲು.

ಫೆಬ್ರವರಿ 28

ಬೆಳಗ್ಗೆಯಿಂದ ಸಂಜೆವರೆಗೆ ನಲವತ್ತೊಂದು ಓಟ, ಐದು ಸಲ ತಪ್ಪು ಉತ್ತರ. ಮೂರು ಸಲ ಕೇರಂ ಪೌಡರ್ ಮುಗಿದು ಪಟ್ಟಿ ಸಿಕ್ಕಾಕೊಂಡಿದ್ದಕ್ಕೆ, ಒಂದು ಸಲ ಯಾರೋ ಮೊಬೈಲ್ ಹತ್ರ ತಂದು ಕೀ ಅದಕ್ಕೆ ಅಂಟಿಕೊಂಡಿದ್ದಕ್ಕೆ, ಇನ್ನೊಂದು ಯಾಕೆ ಅಂತ ತಿಳೀಲಿಲ್ಲ. ಎಟಿಎಂ ಕಾರ್ಡು ಹತ್ರ ತರ್ಬೇಡಿ ಅಂತ ಬೋರ್ಡ್ ಹಾಕಿದ್ವಿ, ನೀವೂ ಹಾಕಿ.

ಖರ್ಚು ಮೇಲೆ ಬರೆದಿದ್ದೂ, ಆಟೋ 100 ರೂಪಾಯಿನೂ ಸೇರಿ 1,142. ಸೂಜಿ, ಬೆಲ್ಟು, ಸ್ಪಂಜು ಅಂಗಡೀದು, ಲೆಕ್ಕ ಹಿಡಿದಿಲ್ಲ. ಮತ್ತೆ ಮಾಡೋದಾದ್ರೆ ಮೊದಲನೇ ದಿನವೇ ಡಬ್ಬ ಮಾಡ್ತೀನಿ, ಪಟ್ಟಿ ಆಮೇಲೆ.

ಮೋಟರ್ ಮಾರ್ಚ್ 2ಕ್ಕೆ ಗಿರಾಕಿ ಮಷೀನಿಗೆ ವಾಪಸ್ ಕೂರ್ಸಿ ಕೊಟ್ಟೆ, ಡಬ್ಬಕ್ಕೆ ಈಗ ಕೈಹಿಡಿ ಹಾಕಿದೀನಿ. ಮಗಳು ನಿನ್ನೆ ಮತ್ತೆ ಬಂದಿದ್ಲು, ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾದಲ್ಲಿ ಒಂದು ಆರ್‌ಎನ್‌ಎ ಥರ್ಮಾಮೀಟರ್ ಇದೆಯಂತೆ, 30 ಡಿಗ್ರೀಲಿ ಮುಚ್ಕೊಂಡಿದ್ದು ನಮ್ಮ ಮೈ ಬಿಸಿ 37ಕ್ಕೆ ಬಿಚ್ಕೊಳ್ಳುತ್ತಂತೆ, ಕೀ ಗೀ ಏನೂ ಬೇಡ್ವಂತೆ. ಬಿಸಿಗೆ ಬಿಡೋ ಜೋಡಿ ಯಾವುದ್ರಲ್ಲಿ ಮಾಡೋದು ಅಂತ ಯೋಚಿಸ್ತಿದೀನಿ, ಮೇಣ ಹಚ್ಚಿ ನೋಡಿದೆ, 37ಕ್ಕೆ ಕರಗಲಿಲ್ಲ.